ಖಾಲಿ ಟ್ಯಾಂಕಿನೊಳಗಿನ ಸದ್ದು

ವಿದೇಶದ ಶಿಪ್‌ಯಾರ್ಡೊಂದರಲ್ಲಿ ಬೆಸುಗೆ ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು. ಅಲ್ಲಿನ ನೌಕಾಪಡೆ ಬೇರೆ ದೇಶದಿಂದ ಅಗ್ಗಕ್ಕೆ ಕೊಂಡ ಹಳೆಯ ಸಬ್‌ಮರೀನೊಂದನ್ನು ವರ್ಷಗಟ್ಟಲೆ ರಿಪೇರಿ ಮಾಡಿದೆವು. ಅದಕ್ಕೆ ಸುರಿದ ದುಡ್ಡಿನಲ್ಲಿ ಹೊಸದನ್ನೇ ಕಟ್ಟಬಹುದಿತ್ತು. ಕೊನೆಗೆ ಪರೀಕ್ಷೆಗೆಂದು ಮುಳುಗಿಸಿದರೆ, ಹಿಂಬದಿಯ ಖಾಲಿ ಟ್ಯಾಂಕಿನೊಳಗಿಂದ ಯಾರೋ ತಟ್ಟುವ ಸದ್ದು. ತೆರೆದು ನೋಡಿದರೆ ಏನೂ ಇಲ್ಲ. ಅದು ಸಮುದ್ರಕ್ಕಿಳಿಯಬಹುದೆಂಬ ಕಾಗದಕ್ಕೆ ನಾನು ಸಹಿ ಹಾಕಬೇಕಿತ್ತು.

ರಜೆಯಲ್ಲಿ ಮೈಸೂರಿಗೆ ಬಂದವನು ಕೇರಳದ ವಯನಾಡಿನ ಪುಲ್ಪಳ್ಳಿಗೆ ಹೋಗುವ ಬಸ್ಸು ಹತ್ತಿದೆ. ನಮ್ಮ ಯಾರ್ಡಿನಲ್ಲಿ ಆ ಟ್ಯಾಂಕಿಗೆ ಮೊದಲು ಬೆಸುಗೆ ಹಾಕಿದ್ದ ಧರಣೇಂದ್ರ ಗೌಡರು ಕೆಲಸ ಬಿಟ್ಟು ಅಲ್ಲಿ ಕೃಷಿ ಮಾಡಿಕೊಂಡಿದ್ದರು. ಅಂಗಳದಲ್ಲಿ ಹರವಿದ್ದ ಕರಿಮೆಣಸಿನಲ್ಲಿ ಕೈಯಾಡಿಸುತ್ತಿದ್ದವರು, ನಾನು ಯಾರ್ಡಿನ ಹೆಸರು ಹೇಳಿ ಮೊಬೈಲಿನಲ್ಲಿ ಆ ಸದ್ದಿನ ರೆಕಾರ್ಡಿಂಗ್ ಹಾಕುವ ಮೊದಲೇ ಕೇಳಿದರು.

"ಮೂರು ಸಲ ತಟ್ಟತ್ತೆ. ಸ್ವಲ್ಪ ತಡೆದು ಇನ್ನೊಂದು. ಅದೇ ತಾನೇ?"

"ನಿಮಗೆ ಹೇಗೆ ಗೊತ್ತು ಗೌಡ್ರೇ?"

"ಆ ಸಬ್‌ಮರೀನು ಬಂದ ವಾರವೇ ಕೇಳ್ದೆ, ಮೋನೇ. ಆಗ ಅದನ್ನ ದಡಕ್ಕೆ ಎಳೆದಿಟ್ಟಿದ್ರು. ಸುತ್ತ ನೀರೂ ಇರಲಿಲ್ಲ. ತಮಾಷೆಗೆ ನಾನೂ ಸುತ್ತಿಗೇಲಿ ಎರಡು ಸಲ ತಟ್ಟಿದೆ. ಒಳಗಿಂದಲೂ ಎರಡೇ ಬಂತು. ಮಾರನೇ ದಿನ ಕೆಲಸ ಬಿಟ್ಟೆ."

ಮೆಣಸಿನಿಂದ ಕೈ ತೆಗೆದು ಕೇಳಿದರು: "ನೀನು ತಿರುಗಿ ತಟ್ಟಿಲ್ಲ ತಾನೇ?"

"ಇಲ್ಲ" ಎಂದು ಸುಳ್ಳು ಹೇಳಿದೆ.

ನಾನು ಸಹಿ ಹಾಕಲಿಲ್ಲ. ಬೇರೊಬ್ಬರು ಹಾಕಿದರು. ಈಗ ಅದು ನಲವತ್ತು ಜನರನ್ನು ಹೊತ್ತು ಸಮುದ್ರದಡಿ ಎಲ್ಲೋ ಓಡಾಡುತ್ತಿದೆ. ಹಳೇ ಮನೆ ಕೊಳ್ಳುವವರು ಕೂಡ ಹಿಂದೆ ಅಲ್ಲಿ ಯಾರಿದ್ದರು ಎಂದು ವಿಚಾರಿಸುತ್ತಾರೆ. ನೌಕಾಪಡೆಯವರು ಇದನ್ನು ಕೊಳ್ಳುವಾಗ ಬ್ಯಾಟರಿ ಎಷ್ಟು ವರ್ಷ ಬರುತ್ತದೆ ಎಂದಷ್ಟೇ ಕೇಳಿದ್ದರಂತೆ.