ಎಡಗಾಲಿನ ಮೇಲೆ ಬಿದ್ದ ತೂಕ

ದೆವ್ವ, ಮೈಮೇಲೆ ಬರುವುದು, ಸತ್ತವರು ಕಾಯುವುದು, ಇವನ್ನೆಲ್ಲ ನಾನು ಜೀವನವಿಡೀ ರಬ್ಬಿಶ್ ಎಂದೇ ಕರೆದವಳು. ಕಾನ್ವೆಂಟಿನಲ್ಲಿ ಕಲಿತೆ. ಆರು ವರ್ಷ ಸಂಬಳ ಪಡೆದು ಬಾಸ್ಕೆಟ್‌ಬಾಲ್ ಆಡಿದೆ. ಬಲ ಮೊಣಕಾಲು ಹೋದ ಮೇಲೆ, ‘ಅಕ್ಕಾ’ ಎಂದು ಕರೆಯುವ ಚಿಕ್ಕವರ ಜೊತೆ ಬೆಂಚಿನಲ್ಲಿ ಕುಳಿತು ಡಾಕ್ಟರಾದೆ. ಎರಡೂ ಕಡೆ ನಾನು ನಂಬಿದ್ದು ನನ್ನ ಕಣ್ಣು ಮತ್ತು ಕೈಗಳನ್ನು. ಈಗಲೂ ಅವನ್ನೇ ನಂಬುತ್ತೇನೆ. ಆದರೂ ತಿಕೋಟಾದ ನನ್ನ ಕ್ಲಿನಿಕ್ಕಿನಲ್ಲಿ ಒಂದು ಮಧ್ಯಾಹ್ನ ನಡೆದದ್ದನ್ನು ಫ್ರಾಂಕ್ ಆಗಿ ಹೇಳಿಬಿಡುತ್ತೇನೆ.

ಮೊದಲು ನನ್ನ ಕೋಚ್ ವಿಷಯ. ಅವರು ನಮ್ಮ ಶಾಲೆಯ ಒಬ್ಬ ಸಿಸ್ಟರ್. ಚೆಂಡು ಹಿಡಿದು ನಿಂತಾಗ ಒಂದು ಕಾಲನ್ನು ನೆಲದಲ್ಲೇ ಊರಿ, ಅದರ ಮೇಲೆ ತಿರುಗಬೇಕು. ಅದು ಪಿವಟ್. ನಾನು ಅವಸರದ ಹುಡುಗಿ, ಕಾಲು ಎತ್ತಿಬಿಡುತ್ತಿದ್ದೆ. ಆಗ ಸಿಸ್ಟರ್ ತಮ್ಮ ಕರಿ ಬೂಟಿನ ಹಿಮ್ಮಡಿಯಿಂದ ನನ್ನ ಎಡಗಾಲಿನ ಹೆಬ್ಬೆರಳನ್ನು ಒತ್ತಿ ನಿಲ್ಲುತ್ತಿದ್ದರು. “ಮೊದಲು ತಿರುಗಿ ನೋಡು, ಚೈಲ್ಡ್. ಆಮೇಲೆ ಹೋಗು.” ನಾನು ಡಾಕ್ಟರಾದದ್ದನ್ನು ನೋಡಲು ಅವರು ಬದುಕಿರಲಿಲ್ಲ.

ಹತ್ತು ವರ್ಷದ ಹಿಂದಿನ ಮಾತು. ಬಬಲೇಶ್ವರದ ಶಾಲೆಯೊಂದರಲ್ಲಿ ಹುಡುಗಿಯರಿಗಾಗಿ ಹೊಸ ಬಾಸ್ಕೆಟ್‌ಬಾಲ್ ಕೋರ್ಟ್ ಮಾಡಿದ್ದರು. ನಾಲ್ಕು ಗಂಟೆಗೆ ಮೊದಲ ಚೆಂಡನ್ನು ನಾನು ಹಾಕಬೇಕಿತ್ತು. ಆ ಖುಷಿಗೆ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡಿದ್ದೆ. ಅಂದಿನ ಕೊನೆಯ ಪೇಷಂಟ್ ಬಿಜ್ಜರಗಿಯ ಶೋಭಾ. ಜೊತೆಗೆ ಅವಳ ಅತ್ತೆ.

“ದ್ರಾಕ್ಷಿ ಕ್ರೇಟ್ ಎತ್ತಿ ಭುಜಾ ಹಿಡದೈತ್ರಿ ಬಾಯಾರ. ಸೊಸಿ ಭಾಳ ನಾಜೂಕ,” ಎಂದಳು ಅತ್ತೆ.

“ಎರಡ ದಿನಾ ನೀ ಎತ್ತ ಯವ್ವಾ, ಆಕಿ ಕುಂತ ನೋಡ್ತಾಳ,” ಎಂದೆ. ಶೋಭಾ ಸೆರಗಿನಲ್ಲಿ ನಕ್ಕಳು.

ನಾಡಿ ತುಸು ಜೋರಿತ್ತು. ಬಿಸಿಲಲ್ಲಿ ಬಂದಿದ್ದಾಳೆ ಅಂದುಕೊಂಡೆ. ನೋವಿನ ಗುಳಿಗೆ ಕೊಟ್ಟೆ. ಹೊಟ್ಟೆ ಮುಟ್ಟಿ ನೋಡಲಿಲ್ಲ. ಮನಸ್ಸು ಬಬಲೇಶ್ವರದಲ್ಲಿತ್ತು.

ಅವರಿಬ್ಬರೂ ಬಸ್ಸಿನ ಹೊತ್ತಾಗುವವರೆಗೆ ಎಂದು ವರಾಂಡದ ಬೆಂಚಿನಲ್ಲಿ ಕುಳಿತರು. ನಾನು ಕಾರಿನ ಕೀಲಿ ಹಿಡಿದು ಅವರನ್ನು ದಾಟಿ ಮೆಟ್ಟಿಲಿಗೆ ಬಂದೆ. ಎಡಗಾಲು ಏಳಲಿಲ್ಲ. ಸೆಳೆತವಲ್ಲ, ಜೋಮಲ್ಲ. ಹೆಬ್ಬೆರಳಿನ ಮೇಲೆ ಒಂದು ತೂಕ, ಹಿಮ್ಮಡಿಯಷ್ಟೇ ಅಗಲದ್ದು. ಎಳೆದೆ, ಬರಲಿಲ್ಲ. ಮುಂದೆ ಹೋಗಲಾಗದವಳು ಹಳೆಯ ರೂಢಿಯಂತೆ ಅದೇ ಕಾಲಿನ ಮೇಲೆ ತಿರುಗಿದೆ.

ಶೋಭಾ ಬೆಂಚಿನ ಮೇಲೆ ಅಡ್ಡಾದಳು. ತಕ್ಷಣ ಭುಜ ಹಿಡಿದು ಎದ್ದು ಕುಳಿತಳು. ಮತ್ತೆ ಮಲಗಿದಳು, ಮತ್ತೆ ಎದ್ದಳು. ಕ್ರೇಟ್ ಎತ್ತಿದ ನೋವು ಹಾಗೆ ಮಾಡುವುದಿಲ್ಲ. ಹೊಟ್ಟೆಯೊಳಗೆ ರಕ್ತ ಸೋರಿದ್ದರೆ, ಮಲಗಿದಾಗ ಅದು ಮೇಲಕ್ಕೆ ಹರಿದು ಭುಜದಲ್ಲಿ ನೋಯುತ್ತದೆ.

“ತಂಗಿ, ಮುಟ್ಟ ತಪ್ಪೈತೇನ?”

ಅವಳು ಅತ್ತೆಯ ಕಡೆ ನೋಡಿ, “ಇಪ್ಪತ್ತ ದಿನಾ ಆತ್ರಿ,” ಎಂದಳು.

ಗರ್ಭ, ಗರ್ಭಕೋಶದ ಬದಲು ನಾಳದಲ್ಲಿ ನಿಂತು ಒಡೆದಿತ್ತು. ಅವಳ ಕಡೆ ಓಡುವಾಗ ನನ್ನ ಕಾಲು ಸಲೀಸಾಗಿ ಎದ್ದಿತು ಎಂಬುದು ಆಮೇಲೆ ನೆನಪಾಯಿತು. ನನ್ನ ಕಾರಿನಲ್ಲೇ ವಿಜಯಪುರಕ್ಕೆ ಒಯ್ದೆವು. ಆಪರೇಷನ್ ಮಾಡಿದವರು, ಊರಿನ ಬಸ್ ಹತ್ತಿದ್ದರೆ ಬದುಕುತ್ತಿರಲಿಲ್ಲ ಎಂದರು. ಬಬಲೇಶ್ವರದ ಹುಡುಗಿಯರು ಐದೂವರೆವರೆಗೆ ಕಾದು, ಚೆಂಡನ್ನು ತಾವೇ ಹಾಕಿಕೊಂಡರಂತೆ.

ಆಸ್ಪತ್ರೆಯಲ್ಲಿ ಕಾಯುತ್ತ ಕುಳಿತಾಗ ಆ ಅತ್ತೆ ನನ್ನ ಶೂ ನೋಡಿದಳು. “ಬಾಯಾರ, ನಿಮ್ಮ ಕಾಲ ಯಾರ ತುಳದಾರ್ರಿ?” ಬಿಳಿ ಬಟ್ಟೆಯ ಮೇಲೆ ಕಪ್ಪು ಅರ್ಧಚಂದ್ರದಂಥ ಗುರುತು. ಗದ್ದಲದಲ್ಲಿ ಯಾರೋ ತುಳಿದಿರಬೇಕು ಎಂದೆ. ಅಥಣಿ ರಸ್ತೆಯ ನನ್ನ ಮನೆಗೆ ಬಂದು ಶೂ ಬಿಚ್ಚಿದರೆ ಹೆಬ್ಬೆರಳಿನ ಉಗುರು ನೀಲಿಗಟ್ಟಿತ್ತು.

ಡಾಕ್ಟರಾಗಿ ನನ್ನನ್ನು ನಾನೇ ಪರೀಕ್ಷಿಸಿಕೊಂಡಿದ್ದೇನೆ. ಕೆಟ್ಟದ್ದು ಬಲ ಮೊಣಕಾಲು, ನಿಂತದ್ದು ಎಡಗಾಲು. ಕಣ್ಣಂಚಿಗೆ ಅವಳ ಒದ್ದಾಟ ಬಿದ್ದು ಮನಸ್ಸೇ ಕಾಲನ್ನು ತಡೆಯಿತು ಎನ್ನಬಹುದು. ಒಪ್ಪುತ್ತೇನೆ. ಆದರೆ ಮನಸ್ಸು ಉಗುರನ್ನು ನೀಲಿ ಮಾಡುತ್ತದೆಯೇ? ಗದ್ದಲದಲ್ಲಿ ಯಾರಾದರೂ ತುಳಿದಿದ್ದರೆ ನನಗೇಕೆ ಗೊತ್ತಾಗಲಿಲ್ಲ?

ಎರಡು ವರ್ಷದ ಮೇಲೆ ಶೋಭಾ ಮಗಳನ್ನೆತ್ತಿಕೊಂಡು ಬಂದಳು. ಅತ್ತೆ ನನ್ನ ಕಾಲು ನೋಡಿ, “ಈಗ ಯಾರೂ ತುಳ್ಯಾಕತ್ತಿಲ್ಲಲ್ರಿ?” ಎಂದು ನಕ್ಕಳು.

“ಇಲ್ಲ ಯವ್ವಾ,” ಎಂದೆ. ಇಂದಿಗೂ ಕ್ಲಿನಿಕ್ ಮುಚ್ಚುವಾಗ ಮೆಟ್ಟಿಲ ಬಳಿ ನಿಂತು ಒಮ್ಮೆ ತಿರುಗಿ ಬೆಂಚನ್ನು ನೋಡುತ್ತೇನೆ. ಕಾಲು ಹಗುರಾಗಿಯೇ ಏಳುತ್ತದೆ. ಕೆಲವು ದಿನ, ತುಸು ಕಾದು ಎತ್ತುತ್ತೇನೆ.