ಅಕ್ಕ ಬಿಟ್ಟ ಗುಳಿಗೆ

ಸಗರದಲ್ಲಿದ್ದ ನನ್ನ ಅಕ್ಕನಿಗೆ ಬಿಪಿ ಇದೆಯೆಂದು ಶಹಾಪುರದ ಡಾಕ್ಟರು ಹೇಳಿದಾಗ ನಾನೂ ಜೊತೆಗಿದ್ದೆ. ಗುಳಿಗೆ ಬರೆದುಕೊಟ್ಟು, "ತಪ್ಪಲ ಪಲ್ಯ, ಹಣ್ಣು ಜಾಸ್ತಿ ತಿನ್ರಿ. ಅದರಾಗಿನ ಅಂಶ ರಕ್ತನಾಳಕ್ಕ ಛಲೋ," ಎಂದರು. ಅಕ್ಕನ ಕಿವಿಗೆ ಬಿದ್ದದ್ದು ಸೊಪ್ಪಿನ ಮಾತು ಮಾತ್ರ. ಜೋಳದ ರೊಟ್ಟಿಯ ಜೊತೆ ಹಸಿ ಹಕ್ಕರಕಿ, ಮೆಂತ್ಯ ಸೊಪ್ಪು ದಿನವೂ ತಿನ್ನತೊಡಗಿದಳು. ಮೈ ಹಗುರಾಯಿತೆಂದು ಗುಳಿಗೆ ಬಿಟ್ಟಳು.

"ಅಕ್ಕಾ, ತಪ್ಪಲಾನೂ ತಿನ್ನು, ಗುಳಿಗೀನೂ ನುಂಗು," ಎಂದು ಫೋನಿನಲ್ಲಿ ಅಂಗಲಾಚುತ್ತಿದ್ದೆ.

"ನಂಗೇನಾಗ್ಯದ? ಗಟ್ಟಿ ಅದೀನಿ. ಗುಳಿಗಿ ಒಮ್ಮೆ ಹಿಡದ್ರ ಸಾಯೋತನಕ ಬಿಡಂಗಿಲ್ಲ," ಎನ್ನುತ್ತಿದ್ದಳು. ಚಿಕ್ಕವಳಾದ ನನ್ನ ಮಾತು ಅವಳೆದುರು ಎಂದೂ ನಡೆದದ್ದಿಲ್ಲ.

ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದಾಗಲೇ ಅವಳ ಬಲಗೈ ಸೋತು ಬಿತ್ತು, ಬಾಯಿ ಸೊಟ್ಟಗಾಯಿತು. ಲಕ್ವಾ ಹೊಡೆದಿತ್ತು.

"ತಪ್ಪಲ ಒಳ್ಳೇದೇರಿ. ಆದ್ರ ಇಷ್ಟು ಏರಿದ ಬಿಪಿ ಬರೇ ಅದಕ್ಕ ಇಳಿಯಂಗಿಲ್ಲ," ಎಂದರು ಡಾಕ್ಟರು. ಯಾರನ್ನು ಬಯ್ಯಬೇಕೋ ನನಗೆ ತಿಳಿಯಲಿಲ್ಲ.

ಈಗ ಅಕ್ಕ ನನ್ನ ಮನೆಯಲ್ಲಿದ್ದಾಳೆ. ಗುಳಿಗೆ ಕೊಟ್ಟರೆ ತಕರಾರಿಲ್ಲದೆ ನುಂಗುತ್ತಾಳೆ. ಆಮೇಲೆ ನನ್ನ ಮುಖ ನೋಡಿ ಏನನ್ನೋ ಹೇಳಲು ಹೆಣಗುತ್ತಾಳೆ. ನನಗೆ ಒಂದಕ್ಷರವೂ ತಿಳಿಯುವುದಿಲ್ಲ. "ಹೂಂ ಅಕ್ಕಾ," ಎನ್ನುತ್ತೇನೆ. ಅದಲ್ಲವೆಂದು ಅವಳು ತಲೆಯಾಡಿಸುತ್ತಾಳೆ.