ಕರ್ಕಟಕದಲ್ಲಿ ಹಾಕಿದ ಸಹಿ

ರಾವುಣ್ಣಿ ಮದುವೆ ಮನೆಗಳ ಅಡುಗೆಯವನು. ಒಟ್ಟಪ್ಪಾಲಂ ಸುತ್ತಮುತ್ತ ಜನ ಮೊದಲು ಅವನನ್ನು ಗೊತ್ತುಮಾಡಿ, ಆಮೇಲೆ ವರನನ್ನು ಹುಡುಕುತ್ತಾರೆ ಎಂಬ ಮಾತಿದೆ. ಎಲೆ ಆರುನೂರು ಎಂದರೂ, ಎರಡನೇ ಪಾಯಸ ಬೇಡ ಎಂದರೂ ಅವನ ಉತ್ತರ ಒಂದೇ: “ಆಗಲಿ.” ಎದುರು ಮಾತಾಡುವ ಅಡುಗೆಯವನನ್ನು ಯಾರು ತಾನೇ ಕರೆಯುತ್ತಾರೆ?

ಅವನ ಹೆಂಡತಿ ಸತ್ಯಭಾಮೆ ವಿಚ್ಛೇದನ ಕೇಳಿದ್ದು ಹೊಡೆತಕ್ಕಲ್ಲ, ಕುಡಿತಕ್ಕಲ್ಲ, ಭಾನುವಾರಕ್ಕೆ. ಮುಹೂರ್ತಕ್ಕೆ ಪಂಚಾಂಗ ನೋಡುತ್ತೇವೆ ಎನ್ನುವುದು ಹೆಸರಿಗಷ್ಟೇ. ಆಫೀಸಿಗೆ ರಜೆಯಿರುವ ಭಾನುವಾರವೇ ನಮ್ಮವರ ಪಾಲಿಗೆ ಶುಭದಿನ. ಹನ್ನೆರಡು ವರ್ಷ ಊರೆಲ್ಲ ಗಂಡನ ಕೈಯಡುಗೆ ಉಂಡು ಬರುವಾಗ ಅವಳು ಬಾಗಿಲಲ್ಲಿ ಕೂತಿದ್ದಳು. ಕೊನೆಗೊಮ್ಮೆ ಎದ್ದು ತವರಿಗೆ ಹೋದಳು, ಒಂಬತ್ತು ವರ್ಷದ ಮಗಳು ಶ್ರೀನಂದಳನ್ನೂ ಕರೆದುಕೊಂಡು.

ನ್ಯಾಯಾಧೀಶರು ಇಬ್ಬರನ್ನೂ ರಾಜಿ ಮಾತುಕತೆಗೆ ಕಳಿಸಿದರು. ಚಿಕ್ಕ ಕೋಣೆ, ದುಂಡು ಮೇಜು. ಮಧ್ಯಸ್ಥಿಕೆಗೆ ಹಿರಿಯ ವಕೀಲೆಯೊಬ್ಬರು. ಅವನ ಪಕ್ಕ ಅವನ ವಕೀಲರು ಮೇನೋನ್, ಅವಳ ಪಕ್ಕ ಅವಳ ವಕೀಲೆ ಲಿಸಿ. ರಾವುಣ್ಣಿಗೆ ಬೇಕಾಗಿದ್ದು ಒಂದೇ, ಮಗಳನ್ನು ನೋಡಲು ಬಿಡಬೇಕು.

“ನೋಡೋದಕ್ಕೆ ನಮ್ಮ ತಕರಾರಿಲ್ಲ,” ಎಂದರು ಲಿಸಿ. “ಪ್ರತಿ ಭಾನುವಾರ, ಹತ್ತರಿಂದ ನಾಲ್ಕು. ಸತ್ಯಭಾಮೆಯ ತವರೂರಿನ ವಾಚನಾಲಯದಲ್ಲಿ.”

“ಭೇಷ್!” ಎಂದರು ಮೇನೋನ್. ಕೇಸು ಇಷ್ಟು ಬೇಗ ಕೈಗೂಡಿದ್ದು ಅವರ ಅನುಭವದಲ್ಲೇ ಮೊದಲಿರಬೇಕು. “ಏನಪ್ಪಾ ರಾವುಣ್ಣಿ?”

ಸತ್ಯಭಾಮೆ ತಟ್ಟನೆ ತಲೆಯೆತ್ತಿದಳು. ಆ ಕೋಣೆಯಲ್ಲಿ ಭಾನುವಾರ ಎಂದರೇನೆಂದು ಬಲ್ಲವಳು ಅವಳೊಬ್ಬಳೇ. ಅವನ ಮುಖವನ್ನೇ ನೋಡುತ್ತ ಕಾದಳು.

ಮಧ್ಯಸ್ಥರು, “ಗಾಬರಿ ಬೇಡ, ತೊಂದರೆ ಇದ್ರೆ ಈಗಲೇ ಹೇಳಿ. ನಿಮ್ಮ ಬಾಯಿಂದಲೇ ಬರಬೇಕು,” ಎಂದರು.

“ಆಗಲಿ,” ಎಂದ ರಾವುಣ್ಣಿ, ತೋರಿಸಿದಲ್ಲಿ ಸಹಿ ಹಾಕಿದ.

ಅದು ಕರ್ಕಟಕ ಮಾಸ. ಆ ತಿಂಗಳಿಡೀ ಮದುವೆಯಿಲ್ಲ, ಪಾಯಸ ಕಾಯಿಸುವ ಉರುಳಿಗಳೆಲ್ಲ ಅಟ್ಟದಲ್ಲಿ ಬೋರಲು. ಅವನ ಕಣ್ಣಿಗೆ ಭಾನುವಾರಗಳು ತೊಳೆದಿಟ್ಟ ಬಾಳೆಲೆಯ ಹಾಗೆ ಖಾಲಿ ಕಂಡಿದ್ದವು.

ನಾಲ್ಕು ಭಾನುವಾರ ಒಂಬತ್ತೂವರೆಗೇ ಹೋಗಿ ಕೂತ. ಮಗಳು ಓದಿದ ಕತೆ ಕೇಳಿದ, ಚೆಸ್ಸಿನಲ್ಲಿ ಅವಳ ಕೈಲಿ ಒಂಬತ್ತು ಸಲ ಸೋತ. ಇಷ್ಟು ಸುಖ ಸಂಸಾರದಲ್ಲಿದ್ದಾಗಲೂ ಕಂಡಿರಲಿಲ್ಲ.

ಆಮೇಲೆ ಚಿಂಗಂ ಮಾಸ ಬಂತು. ಸಾಲು ಸಾಲು ಮದುವೆಗಳು. ಮೊದಲ ಭಾನುವಾರ ಏಳುನೂರು ಎಲೆ. ಮಾತು ಕೊಟ್ಟದ್ದು ನಾಲ್ಕು ತಿಂಗಳ ಹಿಂದೆ, ಮೇಷ ಮಾಸದಲ್ಲಿ; ತಪ್ಪಿಸಿದರೆ ಹೆಣ್ಣಿನ ಅಪ್ಪನ ಮಾನ ಹೋಗುತ್ತದೆ. ಕೊನೆಯ ಪಂಕ್ತಿ ಏಳುವ ಮುಂಚೆಯೇ ಓಡಿದರೂ ವಾಚನಾಲಯ ತಲುಪುವಾಗ ಮೂರೂ ನಲವತ್ತು.

ಶ್ರೀನಂದ ಬೆಂಚಿನ ತುದಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಬಿಚ್ಚದ ಊಟದ ಡಬ್ಬಿ.

“ಉಣ್ಣಲಿಲ್ವೇನೇ?”

“ನೀನು ಬಂದ್ಮೇಲೆ ಅಂತ.” ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. “ಅಪ್ಪಾ, ಬರೋಕಾಗಲ್ಲ ಅಂದ್ರೆ ಮೊದಲೇ ಹೇಳ್ಬಿಡು. ಇಲ್ದಿದ್ರೆ ನಾನು ಬೆಳಿಗ್ಗೇನೇ ತಲೆಗೆ ಸ್ನಾನ ಮಾಡಿ ಕೂರ್ತೀನಿ.”

ರಾವುಣ್ಣಿ ಡಬ್ಬಿ ಬಿಚ್ಚಿ ತುತ್ತು ಕಲಸಿದ. ಆರು ತುತ್ತಿಗೆ ಅವಳ ಕಣ್ಣು ಎಳೆಯಿತು. ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು.

ನಾಲ್ಕಕ್ಕೆ ಸರಿಯಾಗಿ ಸತ್ಯಭಾಮೆ ಬಂದಳು. ಗಂಡನನ್ನು ಮೊದಲಿನಂತೆಯೇ ಕರೆದಳು: “ರಾವುಣ್ಣಿಯೇಟ್ಟಾ, ಅವತ್ತು ಮಧ್ಯಸ್ಥರು ಅಷ್ಟೊಂದು ಕೇಳಿದ್ರಲ್ಲ, ನೀವ್ಯಾಕೆ ಬಾಯಿ ಬಿಡಲಿಲ್ಲ?”

“ಎಲ್ಲರೂ ಅಷ್ಟು ಮರ್ಯಾದೆಯಿಂದ ಕೇಳ್ತಿದ್ರಲ್ಲ, ಭಾಮೇ...”

“ಲಿಸಿ ಮೇಡಂಗೆ ಹೇಳ್ತೀನಿ, ಇನ್ನೊಂದ್ಸಲ ಕೂತು ಬದಲಾಯಿಸೋಣ. ಯಾವ ವಾರ, ನೀವೇ ಹೇಳಿ.”

ರಾವುಣ್ಣಿ ಲೆಕ್ಕ ಹಾಕಿದ. ಶನಿವಾರ ತರಕಾರಿ ಹೆಚ್ಚುವ ದಿನ. ಉಳಿದ ದಿನ ಮಗಳಿಗೆ ಶಾಲೆ, ಸಂಜೆ ಟ್ಯೂಷನ್ನು. ಹನ್ನೆರಡು ವರ್ಷ ಭಾಮೆಗೆ ಕೊಡಲಾಗದ ದಿನ ಈಗೆಲ್ಲಿಂದ ಹುಟ್ಟಬೇಕು?

ಸತ್ಯಭಾಮೆ ಹೊರಗೆ ಹೋದಳು. ಹೊರಗಿನ ಮೆಟ್ಟಿಲ ಮೇಲೆ ಕೂತು, ಹಳೇ ಪೇಪರೊಂದನ್ನು ಮುಖಕ್ಕೆ ಅಡ್ಡ ಹಿಡಿದಳು. ನಾಲ್ಕು ಗಂಟೆ ಮುಗಿದದ್ದು ತನಗೆ ಗೊತ್ತೇ ಇಲ್ಲವೆಂಬಂತೆ ಐದರವರೆಗೂ ಓದಿದಳು. ಒಳಗೆ ಅವನು ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ.

“ಎಬ್ಬಿಸಿ,” ಎಂದಳು ಕೊನೆಗೆ. “ಈ ಬಸ್ಸು ಹೋದ್ರೆ ಆಮೇಲೆ ನಿಮ್ಮೂರಿಗೆ ಬಸ್ಸಿಲ್ಲ.”

ರಾವುಣ್ಣಿ ಮಗಳ ಭುಜದ ಮೇಲೆ ಕೈಯಿಟ್ಟ. ಎಬ್ಬಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು.